ಪಡುಗಾಳಿ ಸಾಹೇಬರ ರಜೆಯ ಕುರಿತು

ಮಾನ್ಯ ಪಡುಗಾಳಿಯವರ ಸನ್ನಿಧಿಗೆ,
ಮಧ್ಯಾಹ್ನದ ಪಾಳಿಯ ಮುಖ್ಯಾಧಿಕಾರಿಗಳು,
ಉಪ್ಪುಬಯಲಿನ ಆಚೆ ದಡ, ಪುನಾ ಸೀಮೆ.

ಮಾನ್ಯರೇ,

ತಮ್ಮ ಪಾದಗಳು ಎಲ್ಲಿವೆಯೆಂದು ಗೊತ್ತಿಲ್ಲದ ಕಾರಣ ಎಲ್ಲ ದಿಕ್ಕಿಗೂ ಒಂದೊಂದು ನಮಸ್ಕಾರ ಹಾಕಿ, ದೂರು ಹೇಳುವವನು ಮೊದಲು ತನ್ನ ತಪ್ಪು ಹೇಳಿಕೊಳ್ಳುವುದು ಸಭ್ಯತೆ ಎಂದು ನಂಬಿ, ಒಂದು ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ. ಹೋದ ಭಾನುವಾರ ಮಧ್ಯಾಹ್ನದ ಪೂಜೆ ಮುಗಿಸಿ ಚರ್ಚಿನಿಂದ ಹೊರಬಂದ ನಾನು, ಊರ ಸಮಸ್ತರ ಎದುರಿಗೆ, ಬಾಯಲ್ಲಿದ್ದ ಕೋಕಾ ಎಲೆಯ ರಸವನ್ನು ಬೇಕೆಂದೇ ತಮ್ಮ ಮುಖಕ್ಕೆ ಉಗುಳಿದೆ. ವಿಚಾರಣೆ, ತೀರ್ಪು, ಶಿಕ್ಷೆ ಮೂರೂ ನನ್ನ ಬಾಯಿ ಮುಚ್ಚುವುದರೊಳಗೆ ಮುಗಿದು, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಹಸಿರು ಮೊಹರು ಬಿತ್ತು. ನನ್ನ ಅಜ್ಜ ಬೇಲಿಯ ವಿಷಯಕ್ಕೆ ಹೂಡಿದ ದಾವೆಯನ್ನು ಈ ಪ್ರಾಂತ್ಯದ ನ್ಯಾಯಾಲಯ ಇನ್ನೂ ಓದುತ್ತಲೇ ಇರುವಾಗ, ಇಷ್ಟು ತ್ವರಿತ ನ್ಯಾಯ ಒದಗಿಸಿದ್ದಕ್ಕೆ ಅಪರಾಧಿಯಾಗಿಯೇ ತಮ್ಮನ್ನು ಅಭಿನಂದಿಸುತ್ತೇನೆ.

ತಮಗೆ ನನ್ನ ಟೋಪಿಯ ಪರಿಚಯ ಚೆನ್ನಾಗಿದೆ. ನನ್ನ ಪರಿಚಯ ಇರಲಾರದು. ನಾನು ಎಲಾದಿಯೊ ಕಲ್ಪಾಂಚಾಯ್, ಸಿಹಿನೀರು ಎಂಬ ಅರ್ಥದ ಹೆಸರಿಟ್ಟುಕೊಂಡು ಉಪ್ಪುನೀರು ಕುಡಿಯುವ ಅಗುವಾ ದುಲ್ಸೆ ಎಂಬ ಊರಿನ ಶಾಲಾ ಮೇಷ್ಟ್ರು. ಸಾಲ್ತಾ ಪಟ್ಟಣದ ಕಾಲೇಜಿನಲ್ಲಿ ಭೂಗೋಳ ಓದಿದವನು. ಅದರಲ್ಲಿ ಭೂಮಿಯ ಪಾಲು ಕಡಿಮೆ, ಗೋಳಿನ ಪಾಲೇ ಹೆಚ್ಚು ಎಂದು ತಿಳಿದದ್ದು ಊರಿಗೆ ಮರಳಿದ ಮೇಲೆ. ಪುನಾ ಎಂಬ ಈ ಬೆಟ್ಟಸಾಲಿನ ನೆತ್ತಿಯ ಮೇಲಿನ ಬಯಲಿನಲ್ಲಿ ನಡೆದದ್ದೇ ಪುನಃ ಪುನಃ ನಡೆಯುವುದರಿಂದ ಬೇಸತ್ತು, ಯಾರೂ ಮಾಡದ ಒಂದು ಕೆಲಸ ಮಾಡುತ್ತೇನೆಂದು ಊರಿಗೆಲ್ಲ ಸಾರಿದೆ: ಸೈಕಲ್ ಮೇಲೆ ಉಪ್ಪುಬಯಲು ದಾಟಿ, ಗಂಧಕದ ಗಣಿಯ ಕಣಿವೆ ಏರಿ, ಓಹೋ ಅಮಾರ್ಗೊ ಹಳ್ಳಿಯ ಮೇಲೆ ಹಾದು, ಬೆಟ್ಟಸಾಲು ಇಳಿದು, ಚಿಲಿ ದೇಶದ ಕಡಲಿನಲ್ಲಿ ಮುಂದಿನ ಚಕ್ರ ಅದ್ದಿ ಬರುವುದು. ಪುನಾದ ಮಗನೊಬ್ಬ ಸ್ವಂತ ಕಾಲಿನಿಂದ ಇಷ್ಟು ದೂರ ತುಳಿದ ದಾಖಲೆ ಇಲ್ಲ. ಪರದೇಶದ ಕೆಂಪು ಮೂಗಿನವರು ಬೇಕಾದಷ್ಟು ಜನ ತುಳಿದಿದ್ದಾರೆ, ಆದರೆ ಅವರಿಗೆ ಮಾಡಲು ಬೇರೆ ಕೆಲಸವಿಲ್ಲ.

ಯೋಜನೆ ಎಂದರೆ ಏನೆಂದು ತಮಗೆ ತಿಳಿಯದು. ತಾವು ಎದ್ದ ಹಾಗೆ ಹೊರಡುವವರು. ನಾನು ಹಾಗಲ್ಲ. ಮನೆಯಲ್ಲಿರುವ ಒಂದೇ ಒಂದು ಮೇಜಿನ ತುಂಬ ನಕಾಶೆ ಹರಡಿ, ಕೆಂಪು ನೂಲಿನಿಂದ ದಾರಿ ಎಳೆದು, ಕಣಿವೆಗಳಿಗೆ ಕಲ್ಲು, ನೀರು ಸಿಗುವ ಜಾಗಗಳಿಗೆ ಬೀನ್ಸ್ ಕಾಳು ಇಟ್ಟು, ಚಳಿಗಾಲ ಬಂದು ಹೋಗುವವರೆಗೆ ಯೋಚಿಸಿದೆ. ಮರಳಿನಲ್ಲಿ ಹೂತುಹೋಗದಂತೆ ಟೈರು ಎಷ್ಟು ದಪ್ಪವಿರಬೇಕು. ನಾವು ಗರಗಸ ಎಂದು ಕರೆಯುವ, ಅಡ್ಡಡ್ಡ ಏರಿಳಿತದ ರಸ್ತೆಯ ಮೇಲೆ ಹಲ್ಲುಗಳು ಬಾಯಲ್ಲೇ ಉಳಿಯಬೇಕಾದರೆ ಟೈರಿನಲ್ಲಿ ಎಷ್ಟು ಗಾಳಿ (ತಮ್ಮ ಬಡ ನೆಂಟರು) ಇರಬೇಕು. ರಾತ್ರಿ ನೀರು ಹೆಪ್ಪುಗಟ್ಟದಿರಲು ಬಾಟಲಿಯನ್ನು ಕಂಬಳಿಯೊಳಗೆ ಎಡಕ್ಕೆ ಮಲಗಿಸಬೇಕೋ ಬಲಕ್ಕೋ. ದೂರ ಎಷ್ಟೆಂದು ತಿಳಿಯಲು ಅಂಗಡಿಯ ಎರ್ಮಿಂದಮ್ಮನನ್ನು ಕೇಳಿದರೆ, "ಓಹೋ ಅಮಾರ್ಗೊನಾ? ಇಲ್ಲೇ ಅಲ್ವಾ ಮೇಷ್ಟ್ರೇ, ಆ ಗುಡ್ಡ ದಾಟಿದ್ರೆ ಬಂತು" ಎಂದರು. ಗುಡ್ಡ ದಾಟಿದರೆ ಬರುವುದು ಇನ್ನೊಂದು ಗುಡ್ಡ ಎಂದು ನಾನು ಹೇಳಿದ್ದಕ್ಕೆ, "ಅದನ್ನೂ ದಾಟಿ, ಯಾರು ಬೇಡ ಅಂದೋರು?" ಎಂದು ಸಕ್ಕರೆ ತೂಗಲು ಹೋದರು.

ಈ ಮಹಾಯೋಜನೆಗೆ ಮೊದಲ ಪೆಟ್ಟು ಕೊಟ್ಟವಳು ನನ್ನ ಹೆಂಡತಿ ದೆಮೆತ್ರಿಯಾ. ನಕಾಶೆ ಮೇಜು ಬಿಟ್ಟು ಏಳದಿದ್ದುದರಿಂದ ನಾವಿಬ್ಬರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು; ಹೀಗಿರುವಾಗ ಒಂದು ದಿನ ಕುರಿಮಾಂಸದ ಸಾರು ಮೊದಲಿಗಿಂತ ಗಟ್ಟಿಯಾಗಿ, ರುಚಿಯಾಗಿ ಇದ್ದುದನ್ನು ಹೊಗಳಿದ ಮೇಲೆ ತಿಳಿಯಿತು, ಆಕೆ ನನ್ನ ದಾರಿಯ ನೀರಿನ ನೆಲೆಗಳನ್ನೆಲ್ಲ ಬೇಯಿಸಿಬಿಟ್ಟಿದ್ದಳು. "ನೀರಿಲ್ಲದೆ ಮನುಷ್ಯ ಸತ್ತುಹೋಗ್ತಾನೆ!" ಎಂದು ನಾನು ಕೂಗಿದೆ. ಆಕೆ ಸೌಟು ಕೆಳಗಿಟ್ಟಳು. "ಈ ಮೇಜಿನ ಮೇಲೆ ನೀನು ಎಷ್ಟು ಸಲ ಮರುಭೂಮಿ ದಾಟಿದೀಯ ಅಂತ ಲೆಕ್ಕ ತಪ್ಪಿದೆ ನನಗೆ. ಒಂದೇ ಒಂದು ಸಲ ಈ ಹೊಸಿಲು ದಾಟಿ ತೋರಿಸು. ನಾನು ಅಕ್ಕನ ಮನೆಗೆ ಹೊರಟೆ. ಕರಕೊಂಡು ಹೋಗೋ ಮನಸ್ಸಿದ್ರೆ ಅದೇ ಸೈಕಲ್ ಮೇಲೆ ಬಾ. ಲಾರಿ ಹತ್ತಿ ಬಂದ್ರೆ ಬಾಗಿಲು ತೆಗೆಯಲ್ಲ" ಎಂದು, ತನ್ನ ತಮ್ಮ ರೊಸೆಂದೊನ ಲಾರಿ ಹತ್ತಿ ಓಹೋ ಅಮಾರ್ಗೊಗೆ ಹೊರಟುಹೋದಳು. ನಾನು ಓಹೋ ಎನ್ನುವುದರೊಳಗೆ ಆಕೆ ಓಹೋ ಸೇರಿದ್ದಳು.

ಅಂದಿನಿಂದ ನನ್ನ ಯೋಜನೆಗೆ ಕಡಲು ಬೇಡವಾಯಿತು, ದಾಖಲೆ ಬೇಡವಾಯಿತು. ಉಪ್ಪುಬಯಲಿನ ಆಚೆ ದಡದಲ್ಲಿ ಮುಚ್ಚಿಕೊಂಡಿರುವ ಒಂದು ಬಾಗಿಲು ಸಾಕಾಯಿತು. ನಿಜ ಹೇಳಬೇಕೆಂದರೆ ಮೇಜಿನ ಮೇಲೆ ಈಗ ತಟ್ಟೆಗೆ ಜಾಗ ಮಾಡಿಕೊಂಡಿದ್ದೆ, ಆದರೆ ತಟ್ಟೆ ಒಂದೇ ಇತ್ತು.

ಇಲ್ಲಿಗೆ ತಮ್ಮ ಪ್ರವೇಶ. ತಮ್ಮ ಸಮಯಪಾಲನೆಯನ್ನು ಹೊಗಳದೆ ಮುಂದೆ ಹೋದರೆ ಕೃತಘ್ನನಾದೇನು. ಊಟ ಮುಗಿದು, ಪುರಸಭೆ ಬಾಗಿಲು ಹಾಕಿಕೊಂಡು, ಅಂಚೆಯವರು ಮೊಹರಿನ ಪಕ್ಕ ತಲೆಯಿಟ್ಟು, ನಾಯಿಗಳು ಕೂಡ ಗೋಡೆಯ ಮರೆಗೆ ಸರಿದ ಹೊತ್ತಿನಲ್ಲಿ ಈ ಸೀಮೆಯಲ್ಲಿ ಕೆಲಸಕ್ಕೆ ಹಾಜರಾಗುವ ಏಕೈಕ ಅಧಿಕಾರಿ ತಾವು. ಮಾತೆ ಎಲೆಯ ಕಷಾಯ ಕಾಯಿಸಿ ಕೊಡಿ ಎನ್ನುವುದಿಲ್ಲ, ನಾಳೆ ಬನ್ನಿ ಎನ್ನುವುದಿಲ್ಲ. ಪುರಸಭೆಯ ಕಿಟಕಿ ಮರೆತು ತೆರೆದಿದ್ದ ದಿನ, ವರ್ಷಗಳಿಂದ ಕೊಳೆಯುತ್ತಿದ್ದ ಅರ್ಜಿಗಳನ್ನೆಲ್ಲ ಒಂದೇ ಗಳಿಗೆಯಲ್ಲಿ ವಿಲೇವಾರಿ ಮಾಡಿ ಬಯಲಿಗೆ ಕಳಿಸಿದಿರಿ; ಆ ದಿನ ನಾವು ಕಂಡ ಆಡಳಿತವನ್ನು ಮತ್ತೆ ಕಂಡಿಲ್ಲ. ರಸ್ತೆ ಸರಿಪಡಿಸುತ್ತೇವೆಂದ ಅಧ್ಯಕ್ಷರ ಭಾಷಣವನ್ನೂ, ಅವರ ಶಾಮಿಯಾನವನ್ನೂ ಒಟ್ಟಿಗೇ ಗಾಳಿಗೆ ತೂರಿದಿರಿ. ಭಾಷಣವನ್ನು ಅವರೇ ತೂರಿದ್ದರು, ಶಾಮಿಯಾನದ ಶ್ರೇಯ ಮಾತ್ರ ತಮ್ಮದು.

ಆದರೆ ಮಾನ್ಯರೇ, ಒಬ್ಬ ಬಡ ಗಂಡ ಪಡುವಣಕ್ಕೆ ಹೋಗಬೇಕಾಗಿರುವಾಗ, ಪಡುವಣದಿಂದಲೇ ದಿನವೂ ಎದೆಯ ಮೇಲೆ ಕೈಯಿಟ್ಟು ಹಿಂದಕ್ಕೆ ತಳ್ಳುವುದು ಯಾವ ನಿಯಮದಡಿ ಎಂದು ಕೇಳಬಹುದೇ? ತಮ್ಮನ್ನು ತಪ್ಪಿಸಲು ಬೆಳಗಿನ ಜಾವ ಹೊರಡೋಣವೆಂದರೆ ಮೂಗಿನ ತುದಿ ಹೆಪ್ಪುಗಟ್ಟುವ ಚಳಿ. ಬಿಸಿಲೇರಿದ ಮೇಲೆ ಹೊರಡೋಣವೆಂದರೆ ಬಯಲಿನ ನಡುವೆ ತಾವು ಸಿಕ್ಕೇ ಸಿಗುತ್ತೀರಿ, ಅಲ್ಲಿ ಮರೆಗೆ ಒಂದು ಕಲ್ಲೂ ಇಲ್ಲ. ಇದನ್ನೆಲ್ಲ ಪಟ್ಟಾಗಿ ಕುಳಿತು ರೊಸೆಂದೊಗೆ ವಿವರಿಸಿದೆ. ಅವನು ಲಾರಿಯ ಕಿಟಕಿಯಿಂದ ತಲೆ ಹೊರಹಾಕಿ, "ಭಾವ, ನಮ್ಮಜ್ಜಿ ಕಾಲದಿಂದಲೂ ಬಯಲಲ್ಲಿ ಗಾಳಿ ಇದ್ದೇ ಇದೆ. ಇಲ್ಲದೆ ಇರೋದು ನಿಮ್ಮ ಟೈರಲ್ಲಿ" ಎಂದ. ನಾನು ಬಗ್ಗಿ ನೋಡಿದೆ. ಇರಲಿಲ್ಲ. "ಗಾಳಿಗೋಪುರ ಕಟ್ಟೋಕೆ ಅಷ್ಟೂ ಖರ್ಚಾಗಿರ್ಬೇಕು ಬಿಡಿ. ಅಕ್ಕನಿಗೆ ಏನ್ ಹೇಳ್ಲಿ?" ಎಂದು ಕೇಳಿದ. ಗಾಳಿ ಇಳಿದ ಮರುದಿನವೇ ಹೊರಡುತ್ತೇನೆ ಎಂದು ಹೇಳಿಸಿದೆ. ತಿರುಗಿ ಬಂದಾಗ ಆಕೆಯ ಉತ್ತರ ತಂದ: "ಯಾರ ಗಾಳಿ ಅಂತ ಕೇಳು ಅಂದ್ಲು."

ಹೀಗೆ ತಿಂಗಳುಗಳು ಉರುಳಿದವು, ಚಕ್ರಗಳು ಉರುಳಲಿಲ್ಲ. ಆಕೆ ಅಲ್ಲಿ ಲಾಮಾ ಉಣ್ಣೆ ನೂಲುತ್ತಾಳಂತೆ, ಅಕ್ಕನ ಜತೆ ನಗುತ್ತಾಳಂತೆ, ಇನ್ನು ಅಲ್ಲೇ ಒಂದು ಕೋಣೆ ಕಟ್ಟಿಸುವ ಮಾತು ನಡೆದಿದೆಯಂತೆ ಎಂದು ಗಾಳಿಸುದ್ದಿ ಬರತೊಡಗಿತು. ಆ ದಿಕ್ಕಿನಿಂದ ಬರುವ ಸುದ್ದಿಗಳಿಗೆಲ್ಲ ವಾಹಕರು ತಾವೇ ಆದ್ದರಿಂದ ಕೋಣೆಯ ವಿಷಯ ತಮಗೂ ತಿಳಿದಿತ್ತೆಂದೇ ಭಾವಿಸುತ್ತೇನೆ. ಆ ಸುದ್ದಿ ಕೇಳಿದ ದಿನ ಉಗುಳಿದ್ದು. ಅಪರಾಧಕ್ಕೆ ಕಾರಣವಿತ್ತು ಎಂದಷ್ಟೇ ನನ್ನ ವಿನಂತಿ.

ಈಗ ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಮೊನ್ನೆ ಮಧ್ಯಾಹ್ನ ನಾನು ಎರ್ಮಿಂದಮ್ಮನ ಅಂಗಡಿಯ ಜಗಲಿಯಲ್ಲಿ ನಿಂತು, ಎದುರುಗಾಳಿಯಲ್ಲಿ ಉಪ್ಪುಬಯಲು ದಾಟುವುದು ಮನುಷ್ಯಮಾತ್ರದವರಿಗೆ ಅಸಾಧ್ಯ ಎಂಬುದನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದು ಸಾಧಿಸುತ್ತಿದ್ದೆ. ಕೇಳುತ್ತಿದ್ದವರ ಕಣ್ಣು ಗೋಡೆಯಿಂದ ಬಯಲಿನ ಕಡೆಗೆ ತಿರುಗಿತು. ದೂರದಲ್ಲಿ ಬಿಳಿ ಉಪ್ಪಿನ ಮೇಲೆ ಒಂದು ಕೆಂಪು ಚುಕ್ಕೆ. ಅದು ಹಿಗ್ಗುತ್ತಾ, ಉಬ್ಬುತ್ತಾ, ಲಾರಿಗಿಂತ ವೇಗವಾಗಿ, ಲಾರಿಗಿಂತ ಕಡಿಮೆ ಧೂಳೆಬ್ಬಿಸಿ ಬಂತು. ಅಕ್ಕನ ಹಳೆಯ ಸೈಕಲ್ ಮೇಲೆ ದೆಮೆತ್ರಿಯಾ! ಬೆನ್ನಿನ ಮೇಲೆ ತನ್ನ ಕೆಂಪು ಪೊಂಚೊ ಹೊದಿಕೆಯ ಎರಡು ತುದಿಗಳನ್ನು ಹ್ಯಾಂಡಲಿಗೆ ಕಟ್ಟಿ ಹಾಯಿ ಮಾಡಿಕೊಂಡಿದ್ದಳು. ಹಿಂದೆ ನಿಂತು ತಳ್ಳುತ್ತಿದ್ದವರು ಸಾಕ್ಷಾತ್ ತಾವು. ನನ್ನನ್ನು ಕಂಡರೆ ಎದೆಗೆ ಕೈ, ಆಕೆಯನ್ನು ಕಂಡರೆ ಬೆನ್ನಿಗೆ ಕೈ! ಇದನ್ನು ಪಕ್ಷಪಾತ ಎನ್ನದೆ ಏನೆನ್ನಲಿ? ಆಕೆಗೆ ನಕಾಶೆ ಇರಲಿಲ್ಲ, ನೂಲಿರಲಿಲ್ಲ, ಬೀನ್ಸ್ ಕಾಳು ಇರಲಿಲ್ಲ. ಗಂಧಕದ ಗಣಿಯ ಹಾಳು ಶೆಡ್ಡಿನಲ್ಲಿ ಮಲಗಿ, ದಾರಿಯಲ್ಲಿ ಸಿಕ್ಕ ಲಾಮಾ ಕಾಯುವವರ ಮನೆಯಲ್ಲಿ ಬೂದಿಯಲ್ಲಿ ಸುಟ್ಟ ರೊಟ್ಟಿ ತಿಂದು, ದಾರಿ ಕೇಳಿದ್ದಕ್ಕೆ "ಇಲ್ಲೇ ಅಲ್ವಾ" ಎಂಬ ಉತ್ತರ ಪಡೆದು, ಅದನ್ನು ನಂಬಿ ಬಂದಿದ್ದಳು!

ಜನ ಚಪ್ಪಾಳೆ ತಟ್ಟಿದರು. ಉಪ್ಪುಬಯಲು ದಾಟಿದ ಪುನಾದ ಮೊದಲ ಸೈಕಲ್ ಸವಾರಳೆಂದು ಎರ್ಮಿಂದಮ್ಮ ಒಂದು ಬಾಟಲಿ ನಿಂಬೆ ಪಾನಕ ಉಚಿತವಾಗಿ ಕೊಟ್ಟರು. ಅವರು ಉಚಿತವಾಗಿ ಏನನ್ನಾದರೂ ಕೊಟ್ಟದ್ದೂ ಪುನಾದಲ್ಲಿ ಅದೇ ಮೊದಲು. ದೆಮೆತ್ರಿಯಾ ಗೋಡೆಯ ಮೇಲಿನ ನನ್ನ ಲೆಕ್ಕವನ್ನು ಪೂರ್ತಿ ಓದಿದಳು. "ಸರಿಯಾಗೇ ಇದೆ. ನೀನು ಬರೋಕಾಗ್ತಿರ್ಲಿಲ್ಲ" ಎಂದಳು. ಕೋಣೆ ಕಟ್ಟಿಸುವ ವಿಷಯ ಏನಾಯಿತು ಎಂದು ಕೇಳಿದೆ. "ಗೋಡೆ ಎದೆಮಟ್ಟಕ್ಕೆ ಬಂದಿದೆ. ಮೇಲೇಳಿಸೋದೋ ಬೇಡವೋ ಅಂತ ನಿನ್ನ ನೋಡಿ ಹೇಳೋಣ ಅಂತ ಬಂದೆ" ಎಂದಳು. ಮನೆಗೆ ಬಂದು ಖಾಲಿ ಮೇಜನ್ನು ನೋಡಿ, ಎರಡು ತಟ್ಟೆ ಇಟ್ಟಳು. ಉಂಡಾದ ಮೇಲೆ ಹೇಳಿದ ಮಾತು ಇದು: "ಭೂತಾಯಿಗೆ ಉಣಿಸೋ ಹಬ್ಬದೊಳಗೆ ಅಕ್ಕನಿಗೆ ಸೈಕಲ್ ವಾಪಸ್ ಮುಟ್ಟಿಸ್ಬೇಕು. ನಾನು ತುಳಕೊಂಡೇ ಹೋಗ್ತೀನಿ. ಪಕ್ಕದಲ್ಲಿ ನಿನ್ನ ಸೈಕಲ್ ಇದ್ರೆ, ಇಬ್ಬರೂ ತಮ್ಮನ ಲಾರೀಲಿ ವಾಪಸ್ ಬರೋಣ. ಇಲ್ಲದಿದ್ರೆ ಆ ಗೋಡೆ ಮೇಲೇಳುತ್ತೆ."

ಮಾನ್ಯರೇ, ಈಗ ಪರಿಸ್ಥಿತಿ ತಮಗೆ ಅರ್ಥವಾಗಿರಬೇಕು. ಹೋಗಬೇಕಾದದ್ದು ಮತ್ತೆ ಪಡುವಣಕ್ಕೆ, ತಮ್ಮ ಬಾಯಿಗೆ ನೇರವಾಗಿ. ಆದ್ದರಿಂದ ಹಬ್ಬದ ಹಿಂದಿನ ವಾರ ತಾವು ದಯವಿಟ್ಟು ರಜೆ ಹಾಕಬೇಕೆಂದು ಪ್ರಾರ್ಥನೆ. ಹುಟ್ಟಿದಂದಿನಿಂದ ತಾವು ಒಂದು ದಿನವೂ ರಜೆ ತೆಗೆದಂತಿಲ್ಲ. ಎಷ್ಟು ಬಾಕಿ ಉಳಿದಿರಬಹುದು ಯೋಚಿಸಿ. ರಜೆ ಸಾಧ್ಯವಿಲ್ಲವೆಂದರೆ, ಕೆಳಗಿನ ಬಯಲುಸೀಮೆಯಲ್ಲಿ ಜನ ಬೆವರಿ ಬೆಂದು ತಮ್ಮ ಹೆಸರು ಜಪಿಸುತ್ತಿದ್ದಾರೆ, ಅಲ್ಲಿಗೆ ತಾತ್ಕಾಲಿಕ ವರ್ಗಾವಣೆ ಕೇಳಿಕೊಳ್ಳಿ. ಶಿಫಾರಸು ಪತ್ರ ನಾನೇ ಬರೆಯುತ್ತೇನೆ. ಅದೂ ಆಗದಿದ್ದರೆ ತಮ್ಮ ಜಾಗಕ್ಕೆ ಯಾವುದಾದರೂ ಎಳೆಯ ತಂಗಾಳಿಯನ್ನು ಪ್ರಭಾರಿಯಾಗಿ ಕಳಿಸಿ. ಏನೂ ಆಗದು ಎಂದಾದರೆ, ಬೀಸಿಕೊಳ್ಳಿ. ಆದರೆ ನನ್ನ ಸುತ್ತ ಒಬ್ಬ ಮನುಷ್ಯ, ಒಂದು ಸೈಕಲ್ ಹಿಡಿಸುವಷ್ಟು ಅಗಲದ ಜಾಗ ಬಿಟ್ಟು ಬೀಸಿ. ಆಕೆ ಹೇಗೂ ಮುಂದೆ ಹೋಗಿರುತ್ತಾಳೆ. ಆಕೆಗೆ ತಾವೇನೂ ಮಾಡಬೇಕಾಗಿಲ್ಲ, ಆಕೆ ತಮ್ಮನ್ನು ಹೇಗೆ ಬಳಸಿಕೊಳ್ಳಬೇಕೆಂದು ಬಲ್ಲಳು.

ಕಣಿವೆಯ ನೆತ್ತಿಯ ಮೇಲಿನ ಕಲ್ಲುಗುಡ್ಡೆಗೆ ಎಲ್ಲ ಪ್ರಯಾಣಿಕರಂತೆ ನಾನೂ ಒಂದು ಕಲ್ಲು, ಒಂದು ಹಿಡಿ ಕೋಕಾ ಎಲೆ, ಒಂದು ಗುಟುಕು ಸಾರಾಯಿ ಅರ್ಪಿಸಿ ಬರುತ್ತೇನೆ. ಅದರಲ್ಲಿ ತಮಗೂ ಪಾಲಿದೆ. ಲಂಚವೆಂದು ತಿಳಿಯಬಾರದು, ತಿಳಿದರೂ ಅಭ್ಯಂತರವಿಲ್ಲ.

ಉತ್ತರವನ್ನು ಬಾಗಿಲ ಕೆಳಗಿನಿಂದ ತೂರಿಸಿದರೆ ಸಾಕು. ಬಾಗಿಲನ್ನೇ ತರಬೇಕಾಗಿಲ್ಲ.

ತಲೆಯ ಮೇಲಿನ ಟೋಪಿಯನ್ನು ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡಿರುವ,

ತಮ್ಮ ವಿಶ್ವಾಸಿ,
ಎಲಾದಿಯೊ ಕಲ್ಪಾಂಚಾಯ್
ಅಗುವಾ ದುಲ್ಸೆ

ತಾ.ಕ.: ಇಷ್ಟು ಬರೆದು ಮಡಚಿಟ್ಟಿದ್ದ ಪತ್ರವನ್ನು ಮತ್ತೆ ಬಿಡಿಸಬೇಕಾಯಿತು. ಟೈರು, ನೀರು, ಚಳಿ, ಉಪ್ಪು, ಗರಗಸ ಎಲ್ಲವನ್ನೂ ಒಳಗೊಂಡ ನನ್ನ ಯೋಜನೆಯಲ್ಲಿ ಒಂದು ಸಣ್ಣ ವಿಷಯ ಬಿಟ್ಟುಹೋಗಿತ್ತು: ನನಗೆ ಸೈಕಲ್ ಬಿಡಲು ಬರುವುದಿಲ್ಲ. ಈಗ ದಿನವೂ ಬೆಳಿಗ್ಗೆ, ಊರು ಏಳುವ ಮೊದಲು, ಚರ್ಚಿನ ಹಿಂದಿನ ಫುಟ್‌ಬಾಲ್ ಬಯಲಿನಲ್ಲಿ ದೆಮೆತ್ರಿಯಾ ಸೀಟು ಹಿಡಿದುಕೊಂಡು, "ಕಾಲು ನೋಡ್ಬೇಡ, ಮುಂದೆ ನೋಡು, ಮುಂದೆ!" ಎಂದು ಬೈಯುತ್ತಾ ಹಿಂದೆ ಓಡುತ್ತಾಳೆ. ನಿನ್ನೆ ಗೋಲುಕಂಬಕ್ಕೆ ಹೋಗಿ ಗುದ್ದಿ ಬಿದ್ದೆ. ಆ ಹೊತ್ತಿಗೆ ಒಣ ಹುಲ್ಲೂ ಅಲುಗುತ್ತಿರಲಿಲ್ಲ, ತಾವಿನ್ನೂ ಎದ್ದಿರಲಿಲ್ಲ. ಆದರೂ ಗಾಳಿ ತಳ್ಳಿತು ಎಂದು ಊರಿನವರಿಗೆಲ್ಲ ಹೇಳಿದ್ದೇನೆ. ಯಾರಾದರೂ ವಿಚಾರಿಸಿದರೆ ದಯವಿಟ್ಟು ಒಪ್ಪಿಕೊಳ್ಳಿ.