ಹಂಚು ಕಲಿಯಲು ಬಂದ ದೊರೆಗಳು

ಕುಂದಾಪುರದ ಕಡೆ, ಹೆಮ್ಮಾಡಿ ಹತ್ತಿರದ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ನಾನು ರೈಟರ್ ಆಗಿದ್ದೆ, ಅಂದರೆ ಗುಮಾಸ್ತ. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಚಿಮಣಿಯ ತುದಿಯಲ್ಲಿ ಅಶ್ವತ್ಥದ ಗಿಡ ಬೆಳೆದಿದೆ. ಆದರೂ ಅದರ ಹೆಸರಿನಲ್ಲಿ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ಒಂದು ಕಾಲಕ್ಕೆ ಸುತ್ತಲಿನ ಮನೆಗಳಿಗೆಲ್ಲ ಕಾರ್ಖಾನೆಯ ಕೂಗೇ ಗಡಿಯಾರವಾಗಿತ್ತು. ನನ್ನ ಹೆಂಡತಿ ಇವತ್ತಿಗೂ ಊಟ ತಡವಾದರೆ, "ಕೂಗು ಆಯ್ಲಿಲ್ಲೆ ಅಲ್ದಾ?" ಎಂದು ಅದರ ಮೇಲೆ ಹಾಕಿ ಪಾರಾಗುತ್ತಾಳೆ.

ಗುರುದಕ್ಷಿಣೆ

ಯುರೋಪಿನ ಒಂದು ಕಂಪನಿಯಿಂದ ನನಗೊಂದು ಪತ್ರ ಬಂತು. ಅಲ್ಲಿನ ಹಳೆಯ ಮನೆಗಳ ಮಾಡಿಗೆ ಇಷ್ಟು ವರ್ಷ ಬೇರೆ ದೇಶಗಳಿಂದ ಹಂಚು ತರಿಸುತ್ತಿದ್ದರಂತೆ. ಇನ್ನು ಮುಂದೆ ತಮ್ಮ ಊರಲ್ಲೇ ಮಾಡಬೇಕೆಂದು ಹಟ ಹಿಡಿದಿದ್ದಾರೆ. ದುಡ್ಡಿದೆ, ಜಾಗವಿದೆ, ಯಂತ್ರವಿದೆ. ಕಟ್ಟಿಗೆ ಬೆಂಕಿಯಲ್ಲಿ ಹಂಚು ಸುಡಲು ಗೊತ್ತಿದ್ದವರು ಮಾತ್ರ ಒಬ್ಬರೂ ಉಳಿದಿಲ್ಲ. ನಿಮ್ಮಲ್ಲಿ ಯಾರಾದರೂ ಇದ್ದರೆ ಬಂದು ಕಲಿಯುತ್ತೇವೆ ಎಂದು ಬರೆದಿದ್ದರು.

ನಮ್ಮಲ್ಲಿ ಒಬ್ಬರು ಉಳಿದಿದ್ದರು. ಜೀವಮಾನವಿಡೀ ಭಟ್ಟಿಯ ಮುಂದೆ ನಿಂತ ಮೇಸ್ತ್ರಿ, ಈಗ ಕುಂಭಾಶಿಯ ಮನೆಯಲ್ಲಿದ್ದಾರೆ. ಮಕ್ಕಳಿಬ್ಬರೂ ಮುಂಬಯಿಯಲ್ಲಿ ಹೋಟೆಲ್ ಇಟ್ಟವರು. ಮೇಸ್ತ್ರಿಯ ಕೊರಗು ಒಂದೇ: "ನನ್ನ ಸುಡುವೊತ್ತಿಗೆ ಈ ಕೆಲ್ಸವೂ ಒಟ್ಟಿಗೆ ಸುಟ್ಟ್ ಹೋತ್ತ್ ರೈಟ್ರೆ."

ಪತ್ರ ಓದಿ ಹೇಳಿದೆ. ಮೇಸ್ತ್ರಿ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡರು.

"ಈ ಕರಾವಳಿಗೆ ಹಂಚ್ ಮಾಡುಕೆ ಕಲ್ಸಿದ್ದ್ ಅವ್ರ ಕಡೆ ಪಾದ್ರಿಗಳೇ ಅಲ್ದಾ?"

"ಹೌದು."

"ಬರ್ಲಿ. ಅವ್ರ್ ಗುರುದಕ್ಷಿಣೆ ಕೇಳುಕೆ ಸ್ವಲ್ಪ ತಡ ಆಯ್ತ್, ಅಷ್ಟೇ."

ಮಣ್ಣಿನ ರುಚಿ

ಬಂದವರು ಇಬ್ಬರು, ಒಬ್ಬ ತರುಣ ಇಂಜಿನಿಯರ್ ಮತ್ತು ಅವನ ಜೊತೆ ಕೆಲಸ ಮಾಡುವ ಹುಡುಗಿ. ಮೇಸ್ತ್ರಿ ಮೊದಲ ದಿನವೇ ಅವರಿಗೆ ದೊರೆ, ದೊರೆಸಾನಿ ಎಂದು ಹೆಸರಿಟ್ಟರು. ದೊರೆಸಾನಿ ಮೇಸ್ತ್ರಿ ಕೆಮ್ಮಿದರೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಮಧ್ಯೆ ದುಭಾಷಿ ನಾನು.

ಗದ್ದೆಯಿಂದ ತಂದ ಆವೆಮಣ್ಣನ್ನು ಯಾವ ಯಂತ್ರದಲ್ಲಿ ಪರೀಕ್ಷೆ ಮಾಡುತ್ತೀರಿ ಎಂದು ದೊರೆ ಕೇಳಿದ. ಮೇಸ್ತ್ರಿ ಚಿಟಿಕೆ ಮಣ್ಣು ತೆಗೆದು ಬಾಯಿಗೆ ಹಾಕಿದರು. ಹಲ್ಲಿಗೆ ಮರಳು ಕರಕರ ಎಂದರೆ ಹಂಚು ಬಿರುಕು ಬಿಡುತ್ತದೆ, ಜಿಗುಟು ಹೆಚ್ಚಾದರೆ ಸೊಟ್ಟಗಾಗುತ್ತದೆ. ನಾನು ಅದನ್ನು ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ದೊರೆ ಒಂದು ನೆಲ್ಲಿಕಾಯಿಯಷ್ಟು ಮಣ್ಣನ್ನು ಬಾಯಿಗೆ ಹಾಕಿ, ಅಗಿದು, ಕಣ್ಣು ಮುಚ್ಚಿ ನುಂಗಿಬಿಟ್ಟ.

"ಹ್ವಾಯ್ ರೈಟ್ರೆ, ಅದ್ ಉಗಿಯುಕ್ ಅಂದೇಳಿ ಮೊದ್ಲೇ ಹೇಳುಕೆ ಎಂತ ಆಯ್ತ್ ನಿಮ್ಗೆ?"

ಮರುದಿನ ದೊರೆ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ದೊರೆಸಾನಿಯ ಪುಸ್ತಕ ನೋಡಿದೆ. "ಮೂರನೆಯ ಹಂತ: ಉಗುಳುವುದು" ಎಂದು ಬರೆದು, ಅಡಿಯಲ್ಲಿ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಳು.

ಕೋಳಿಗೂಡಿನ ಬಾಗಿಲು

ಹಂಚಿನ ಅಚ್ಚು ಬೇಕಾಯಿತು. ಕಾರ್ಖಾನೆಯ ಯಂತ್ರಗಳೆಲ್ಲ ಗುಜರಿಗೆ ಹೋಗಿ ಒಂದೇ ಒಂದು ಕಬ್ಬಿಣದ ಅಚ್ಚು ಉಳಿದಿತ್ತು. ಅದು ಮೇಸ್ತ್ರಿಯ ಮನೆಯ ಕೋಳಿಗೂಡಿನ ಬಾಗಿಲಿಗೆ ಒತ್ತು ಕೊಟ್ಟು ಕೂತಿತ್ತು. ಮೇಸ್ತ್ರಿಯ ಹೆಂಡತಿ ಬಿಡಲೊಲ್ಲರು.

"ಅದ್ ತೆಗ್ದ್ರೆ ಬಾಗ್ಲಿಗೆ ಎಂತ ಇಡುದ್?"

ಅಂತೂ ಅಚ್ಚನ್ನು ಬಿಡಿಸಿಕೊಂಡು ಹಂಚು ಒತ್ತಿ, ಹಿತ್ತಲಲ್ಲಿ ಸಣ್ಣ ಭಟ್ಟಿ ಕಟ್ಟಿ ಬೆಂಕಿ ಹಾಕಿದೆವು. ದೊರೆ ಶಾಖ ಅಳೆಯುವ ಯಂತ್ರವನ್ನು ಭಾರದ ಪೆಟ್ಟಿಗೆಯಿಂದ ಹೊರತೆಗೆದು, ಎಷ್ಟು ಡಿಗ್ರಿ ಆಗಬೇಕು ಎಂದ. ಮೇಸ್ತ್ರಿಗೆ ಡಿಗ್ರಿ ಗೊತ್ತಿಲ್ಲ. "ಹಣ್ಣಾದ ಹಲ್ಸಿನ ಸೊಳೆ ಬಣ್ಣ ಬರ್ಕ್. ಅದಕ್ಕಿಂತ ಬೆಳ್ಳಗಾದ್ರೆ ಹಂಚ್ ಕರಗಿ ಹೋತ್ತ್."

ದೊರೆ ಹಲಸು ಕಂಡವನಲ್ಲ. ಹಣ್ಣು ತರಿಸಿ ಕೊಯ್ದು, ಒಂದು ಸೊಳೆಯನ್ನು ಭಟ್ಟಿಯ ಬಾಯಿಯ ಪಕ್ಕ ಹಿಡಿದು ತೋರಿಸಿದೆವು. ದೊರೆ ಒಮ್ಮೆ ಬೆಂಕಿ ನೋಡುತ್ತಾನೆ, ಒಮ್ಮೆ ಸೊಳೆ ನೋಡುತ್ತಾನೆ, ಆಮೇಲೆ ಸೊಳೆಯನ್ನು ತಿನ್ನುತ್ತಾನೆ. ಬೆಂಕಿಯ ಬಣ್ಣ ಕಣ್ಣಿಗೆ ಕೂರುವಷ್ಟರಲ್ಲಿ ಇಡೀ ಹಣ್ಣು ಮುಗಿದಿತ್ತು. ಯಂತ್ರ ಮೂಲೆಗೆ ಬಿತ್ತು.

ಹೊರಡುವ ದಿನ ಮೇಸ್ತ್ರಿ ಅಚ್ಚನ್ನು ಅವರಿಗೇ ಕೊಟ್ಟರು. ದೊರೆ ಯಂತ್ರದ ಪೆಟ್ಟಿಗೆಗಾಗಿ ಮನೆಯೆಲ್ಲ ಹುಡುಕಿದ. ಅದು ಕೋಳಿಗೂಡಿನ ಬಾಗಿಲಿಗೆ ಒತ್ತಿ ಕೂತಿತ್ತು. ಮೇಸ್ತ್ರಿಯ ಹೆಂಡತಿ ಅದರ ಮುಂದೆ ನಿಂತು, "ಕೊಟ್ಟದ್ದಕ್ಕೂ ತಕಂಡದ್ದಕ್ಕೂ ಸಮ ಆಯ್ತ್" ಎಂದರು.

ಟಣ್

ಅವರ ದೇಶದಲ್ಲಿ ಭಟ್ಟಿ ಎದ್ದಿತು. ಸುಟ್ಟ ಹಂಚನ್ನು ದೊರೆ ಫೋನಿನಲ್ಲಿ ತೋರಿಸಿದ. ಮೇಸ್ತ್ರಿ ಪರದೆ ನೋಡಲೇ ಇಲ್ಲ. "ಕಣ್ಣಿಗೆ ಕಂಡದ್ದ್ ಲೆಕ್ಕಕ್ಕಿಲ್ಲೆ. ಬಡಿಯುಕೆ ಹೇಳಿ, ಕೆಮಿಯಲ್ಲಿ ಕೇಂತೆ" ಎಂದು ಫೋನನ್ನು ಕಿವಿಗೆ ಒತ್ತಿಕೊಂಡರು.

ಮೊದಲ ಸಲ ಸುಟ್ಟದ್ದು 'ಡಬ್' ಎಂದಿತು. "ಹಸಿ." ಎರಡನೆಯ ಸಲದ್ದೂ 'ಡಬ್'. ಮೂರನೆಯ ಸಲದ್ದು 'ಟಣ್' ಎಂದು ದೇವಸ್ಥಾನದ ಗಂಟೆಯ ಹಾಗೆ ಕೇಳಿಸಿತು.

ಮೇಸ್ತ್ರಿಯ ಕಣ್ಣಲ್ಲಿ ನೀರು ಬಂದಿತ್ತು. ಒಟ್ಟಿಗೆ ಸುಟ್ಟು ಹೋಗಬೇಕಿದ್ದ ವಿದ್ಯೆ ಎಲ್ಲೋ ಸಮುದ್ರದಾಚೆ ಉಳಿದುಕೊಂಡಿತ್ತು. "ಇನ್ನೊಂದ್ ಸಲ ಬಡಿಯುಕೆ ಹೇಳಿ" ಎಂದರು. ಬಡಿದ. "ಇನ್ನೊಂದ್ ಸಲ." ಹಾಗೇ ಕೇಳುತ್ತಾ ಹೋದರು.

ಹನ್ನೊಂದನೆಯ ಸಲಕ್ಕೆ ಹಂಚು ಒಡೆಯಿತು.

ಮತ್ತೆ ಪತ್ರ

ಕಳೆದ ತಿಂಗಳು ಅವರ ಪತ್ರ ಬಂತು. ಹಂಚು ಚೆನ್ನಾಗಿದೆ, ಜನ ಮೆಚ್ಚಿದ್ದಾರೆ. ಆದರೆ ಅಲ್ಲಿ ಮಣ್ಣು ತುಳಿಯಲು ಆಳು ಸಿಗುತ್ತಿಲ್ಲ, ಸಿಕ್ಕಿದರೂ ಕೂಲಿ ಕೈಗೆಟುಕುವುದಿಲ್ಲ. ಆದ್ದರಿಂದ ಹಂಚನ್ನು ಕುಂದಾಪುರದಲ್ಲೇ ಮಾಡಿಸಿ ತರಿಸಿಕೊಳ್ಳುವುದೆಂದು ತೀರ್ಮಾನಿಸಿದ್ದಾರೆ. ಕಾರ್ಖಾನೆ ಮತ್ತೆ ತೆರೆಯಬಹುದೇ?

ನನಗೆ ಕುಣಿಯುವಷ್ಟು ಸಂತೋಷವಾಯಿತು. ಇನ್ನು ಕೂಗಿನ ನೆಪ ನಡೆಯುವುದಿಲ್ಲ ಎಂದು ಹೆಂಡತಿಗೆ ಹೇಳಿ ಕುಂಭಾಶಿಗೆ ಬಸ್ಸು ಹತ್ತಿದೆ.

ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡು ಬೆರಳು ಮಡಚತೊಡಗಿದರು.

"ಅಚ್ಚ್ ಒತ್ತುವರ್ ಇಬ್ರೂ ತೀರಿ ಹೋಯ್ರ್. ಮಣ್ಣ್ ಹದ ಮಾಡುವ ಹೆಂಗ್ಸ್ರ್ ಈಗ ಮೊಮ್ಮಕ್ಕಳ ಮನೇಲಿ ಇದ್ರ್. ನಂಗೆ ಮಂಡಿ ನೋವ್, ಭಟ್ಟಿ ಮುಂದೆ ನಿಲ್ಲುಕೆ ಆತಿಲ್ಲೆ. ಇಲ್ಲಿ ಈ ಕೆಲ್ಸ ಗೊತ್ತಿಪ್ಪರ್ ಯಾರೂ ಇಲ್ಲೆ."

ನನ್ನ ಉತ್ಸಾಹವೆಲ್ಲ ಇಳಿಯಿತು. "ಹಾಗಾದರೆ ಆಗುವುದಿಲ್ಲ ಎಂದು ಬರೆಯಲಾ?"

"ಆತಿಲ್ಲೆ ಅಂದದ್ದ್ ಯಾರ್? ಗೊತ್ತಿಪ್ಪರ್ ಇಬ್ರ್ ಇದ್ರ್ ಅಲ್ದಾ?"

"ಯಾರು?"

"ಆ ದೊರೆ, ದೊರೆಸಾನಿ. ಅವ್ರನ್ನೇ ಕಳ್ಸುಕೆ ಹೇಳಿ, ನಮ್ಮರಿಗೆ ಹಂಚ್ ಮಾಡುಕೆ ಕಲ್ಸಲಿ. ಹಲ್ಸಿನ ಹಣ್ಣ್ ಇತ್ತ್ ಅಂದೇಳಿ ಸೇರ್ಸಿ ಬರೆದ್ ಹಾಕಿ ರೈಟ್ರೆ, ಓಡ್ಕಂಡ್ ಬತ್ರ್."