ಉದ್ದಿನಬೇಳೆಯಂತೆ ಕೊಂಡ ಸೀಟು

ಈ ಕತೆ ಹೇಳಬೇಕೆಂದು ಒಂದು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಮೊದಲು ಕನ್ನಡಕ ಸರಿಯಿಲ್ಲ ಎಂದು ಮುಂದೂಡಿದೆ. ಹೊಸ ಕನ್ನಡಕ ಬಂತು. ಆಮೇಲೆ ಪೆನ್ನು ಸರಿಯಿಲ್ಲ ಎಂದೆ. ಮೊನ್ನೆ ಹೆಂಡತಿ ಜಲಜ ಒಂದು ಡಜನ್ ಪೆನ್ನು ತಂದು ಮುಂದಿಟ್ಟಳು. ಇನ್ನು ಉಪಾಯವಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕುಂದಾಪುರದ ಕಡೆಯಿಂದ ಮದ್ರಾಸಿಗೆ ಬಂದು, ಒಂದು ಹೋಟೆಲಿನಲ್ಲಿ ನಲವತ್ತು ವರ್ಷ ಸಾಮಾನು ಖರೀದಿ ನೋಡಿಕೊಂಡವನು. ಪ್ಯಾರೀಸ್ ಕಾರ್ನರಿನ ಸಗಟು ಅಂಗಡಿಗಳೇ ನನ್ನ ವಿಶ್ವವಿದ್ಯಾಲಯ. ಅಲ್ಲಿ ಕಲಿತ ಸೂತ್ರ ಎರಡು. ಒಂದು, ಹೊಸ ಉದ್ದು ಮಾರುಕಟ್ಟೆಗೆ ಬರುವ ಮೊದಲೇ ಮುಂಗಡ ಕೊಟ್ಟು ದರ ಕಟ್ಟಿಬಿಡಬೇಕು. ಎರಡು, ವ್ಯಾಪಾರ ಕುದುರದಿದ್ದರೆ ಎದ್ದು ಹೊರಡಬೇಕು. ಹತ್ತು ಹೆಜ್ಜೆ ಇಡುವುದರೊಳಗೆ ಅಂಗಡಿಯವನೇ ಕೂಗಿ ಕರೆಯುತ್ತಾನೆ.

ಇಷ್ಟು ವಿದ್ಯೆ ಇರುವವನಿಗೆ ಮೊಮ್ಮಗಳ ಎಂಜಿನಿಯರಿಂಗ್ ಸೀಟು ಯಾವ ಲೆಕ್ಕ?

ಅವಳ ಹನ್ನೆರಡನೇ ತರಗತಿಯ ಪರೀಕ್ಷೆ ಮುಗಿದ ವಾರ ನಮ್ಮ ಪಲ್ಲಾವರಂನ ಕಲ್ಯಾಣ ಮಂಟಪದಲ್ಲಿ ಖಾಸಗಿ ಕಾಲೇಜೊಂದು ಅಂಗಡಿ ಹಾಕಿತ್ತು. ಫಲಿತಾಂಶಕ್ಕೆ ಮೊದಲೇ ಸೀಟು ಕಾದಿರಿಸಿದರೆ ನಾಲ್ಕು ವರ್ಷವೂ ಶುಲ್ಕದಲ್ಲಿ ಕಾಲು ಭಾಗ ರಿಯಾಯಿತಿ. ನನ್ನ ಮೊದಲನೇ ಸೂತ್ರವನ್ನೇ ಯಾರೋ ಬ್ಯಾನರಿನ ಮೇಲೆ ಬರೆಸಿದ್ದರು!

ಬ್ಯಾಂಕಿನ ಠೇವಣಿ ಮುರಿದು ಮುಂಗಡ ಕಟ್ಟಿದೆ. ಮೇಜಿನ ಹಿಂದಿದ್ದ ಮೇಡಂ ಜೊತೆ ಒಂದು ಗಂಟೆ ಚೌಕಾಸಿ ಮಾಡಿ ಒಂದು ಕೊಡೆ, ಒಂದು ನೀರಿನ ಬಾಟಲಿಯನ್ನೂ ಹೆಚ್ಚುವರಿಯಾಗಿ ಪಡೆದೆ. ಅವರು ಹುಡುಗಿಯ ಹತ್ತನೇ ತರಗತಿಯ ಅಸಲು ಅಂಕಪಟ್ಟಿ ಕೇಳಿದರು. ಬೀರುವಿನಿಂದ ತೆಗೆದು ಕೊಟ್ಟುಬಂದೆ. ಮನೆಯಲ್ಲಿ ಆ ಒಂದು ವಿಷಯ ಮಾತ್ರ ಹೇಳಲಿಲ್ಲ.

"ಎನಕ್ಕು ಗವರ್ಮೆಂಟ್ ಕಾಲೇಜ್ ದಾನ್ ವೇಣುಂ," ಎಂದಳು ಮೊಮ್ಮಗಳು. ತನಗೆ ಸರ್ಕಾರಿ ಕಾಲೇಜೇ ಬೇಕಂತೆ. ಸಿಟ್ಟು ಬಂದಾಗ ಅವಳಿಗೆ ತಮಿಳೇ ಬರುವುದು.

"ಅದು ಸಿಗದಿದ್ರೆ? ಕೈಯಲ್ಲಿ ಒಂದು ಇರ್ಲಿ ಮಾರಾಯ್ತಿ."

"ಎಂತದು ನಿಮ್ಮದು? ಹುಡುಗಿ ಹತ್ರ ಒಂದು ಮಾತು ಕೇಳ್ಲಿಕ್ಕಾಗ್ಲಿಲ್ವಾ?" ಎಂದಳು ಜಲಜ.

"ಬೇಳೆ ತಗೊಳ್ಳುವಾಗ ಬೇಳೆ ಹತ್ರ ಕೇಳ್ತಾರಾ?"

ಆ ಮಾತು ಆಡಿದವನು ನಾನೇ. ಆಗ ಬಹಳ ಚೆನ್ನಾಗಿದೆ ಅನಿಸಿತ್ತು.

ಫಲಿತಾಂಶ ಬಂತು. ನನ್ನ ದುರದೃಷ್ಟಕ್ಕೆ ಹುಡುಗಿ ಅಮೋಘವಾಗಿ ಪಾಸಾಗಿದ್ದಳು. ಕೌನ್ಸೆಲಿಂಗಿನಲ್ಲಿ ಅವಳು ಬಯಸಿದ ಸರ್ಕಾರಿ ಕಾಲೇಜೇ ಸಿಕ್ಕಿತು, ಬಯಸಿದ ಸಿವಿಲ್ ವಿಭಾಗವೇ ಸಿಕ್ಕಿತು. ಅಲ್ಲಿನ ನಾಲ್ಕು ವರ್ಷದ ಶುಲ್ಕ, ನಾನು ಹೆಮ್ಮೆಯಿಂದ ತಂದ ಒಂದು ವರ್ಷದ ರಿಯಾಯಿತಿಗಿಂತ ಕಡಿಮೆಯಿತ್ತು.

ಶುಕ್ರವಾರ ಸಂಜೆ ಐದರೊಳಗೆ ಅಸಲು ಪ್ರಮಾಣಪತ್ರ ಕೊಟ್ಟು ಸೇರಬೇಕು. ಮಂಗಳವಾರ ಮನೆಯಿಡೀ ಅಂಕಪಟ್ಟಿಗಾಗಿ ಹುಡುಕಾಟ. ನಾನೂ ಮಂಚದ ಕೆಳಗೆ ನುಗ್ಗಿ ಬಹಳ ಶ್ರದ್ಧೆಯಿಂದ ಹುಡುಕಿದೆ.

ಬುಧವಾರ ಯಾರಿಗೂ ಹೇಳದೆ ಖಾಸಗಿ ಕಾಲೇಜಿಗೆ ಹೋದೆ. ಮೇಡಂ ಸಮಾಧಾನವಾಗಿಯೇ ಹೇಳಿದರು: ಸೀಟು ಬೇಡವೆಂದು ಸಹಿ ಹಾಕಿದರೆ ಅಂಕಪಟ್ಟಿ ಇವತ್ತೇ ಸಿಗುತ್ತದೆ, ಮುಂಗಡ ಮಾತ್ರ ಸಿಗುವುದಿಲ್ಲ. ಮುಂಗಡ ಬಿಟ್ಟು ಬರುವುದೇ? ನಲವತ್ತು ವರ್ಷದ ಸರ್ವಿಸಿನಲ್ಲಿ ಅಂಥ ಕಳಂಕ ನನಗಿಲ್ಲ. ಎರಡನೇ ಸೂತ್ರ ಪ್ರಯೋಗಿಸಿದೆ. ಎದ್ದು ಹೊರಟೆ. ಹತ್ತು ಹೆಜ್ಜೆ ಇಟ್ಟೆ. ಯಾರೂ ಕರೆಯಲಿಲ್ಲ. ನಿಧಾನವಾಗಿ ಗೇಟಿನವರೆಗೆ ನಡೆದೆ. ಕಾವಲುಗಾರ ಗೇಟು ತೆರೆದು ಸಲಾಮು ಹೊಡೆದ. ನಿಲ್ದಾಣದಲ್ಲಿ ಮೂರು ಬಸ್ಸು ಬಿಟ್ಟು ಕಾದೆ. ಊಹೂಂ.

ಗುರುವಾರ ಕೊಡೆ, ಬಾಟಲಿ ಹಿಡಿದು ಹೋದೆ. ಮಾಲು ವಾಪಸು ಕೊಟ್ಟರೆ ದುಡ್ಡು ವಾಪಸು ಕೊಡಲೇಬೇಕಲ್ಲ? ಮೇಡಂ ಎರಡನ್ನೂ ತೆಗೆದಿಟ್ಟುಕೊಂಡು, "ಮೂಡಿ ಎಂಗೆ ಸಾರ್?" ಎಂದು ಬಾಟಲಿಯ ಮುಚ್ಚಳ ಕೇಳಿದರು. ಮುಂಗಡದ ಸುದ್ದಿಯೇ ಇಲ್ಲ. ಮತ್ತೆ ಎದ್ದು ಹೊರಟೆ. ಈ ಸಲ ಕಾವಲುಗಾರ ನನ್ನನ್ನು ನೋಡಿದೊಡನೆಯೇ ಗೇಟು ತೆರೆದ.

ಶುಕ್ರವಾರ ಬೆಳಿಗ್ಗೆ ಸೋತು ಸಹಿ ಹಾಕಿದೆ. ಅವತ್ತು ಬೀಗದ ಕೈ ಇದ್ದ ಗುಮಾಸ್ತರು ಎಲ್ಲಿಗೋ ಹೋಗಿದ್ದರು. ಅಂಕಪಟ್ಟಿ ಕೈಗೆ ಬಂದಾಗ ನಾಲ್ಕು ಗಂಟೆ. ಫೋನಿನಲ್ಲಿ ಮೊಮ್ಮಗಳ ಹತ್ತಿರ ಎಲ್ಲವನ್ನೂ ಒಪ್ಪಿಕೊಂಡು, ನೇರ ಸರ್ಕಾರಿ ಕಾಲೇಜಿಗೆ ಬಾ ಎಂದು ಹೇಳಿ, ಆಟೋದಲ್ಲಿ ನಾನು ಅಲ್ಲಿ ಮುಟ್ಟಿದಾಗ ಐದೂಕಾಲು. ಕೌಂಟರು ಮುಚ್ಚಿತ್ತು. ಒಳಗಿದ್ದವರು ಪಾಪ, ಕಂಪ್ಯೂಟರ್ ತೋರಿಸಿ ಕೈಚೆಲ್ಲಿದರು. ಸೀಟು ಹೋಯಿತು.

ಅವಳು ನನ್ನ ಬೆವರಿಗೆ ಒದ್ದೆಯಾಗಿದ್ದ ಅಂಕಪಟ್ಟಿಯನ್ನು ತೆಗೆದುಕೊಂಡು ದುಪಟ್ಟಾದಲ್ಲಿ ಒರೆಸಿದಳು.

"ಪರವಾಯಿಲ್ಲೆ ಅಜ್ಜ. ನೀವು ಮೊದ್ಲು ನೀರು ಕುಡೀರಿ."

ಸೋಮವಾರ ನನ್ನ ಮಗ ಸಾಲ ಮಾಡಿ ಅವಳನ್ನು ಅದೇ ಖಾಸಗಿ ಕಾಲೇಜಿಗೆ ಸೇರಿಸಿದ. ನಾನು ಸಹಿ ಹಾಕಿ ಬಿಟ್ಟುಕೊಟ್ಟಿದ್ದರಿಂದ ರಿಯಾಯಿತಿ ರದ್ದಾಗಿತ್ತು. ಪೂರ್ತಿ ಶುಲ್ಕ. ಅಲ್ಲಿ ಸಿವಿಲ್ ಕೂಡ ಇಲ್ಲ, ಕಂಪ್ಯೂಟರ್ ಓದುತ್ತಿದ್ದಾಳೆ. ಕೊಡೆಯನ್ನು ಎರಡನೇ ಸಲ ಕೊಡಲಿಲ್ಲ.

ನಾನು ಮಗನ ಕ್ಷಮೆ ಕೇಳಿದೆ. ಜಲಜಳ ಕ್ಷಮೆ ಕೇಳಿದೆ. ಮುಚ್ಚಳದ ವಿಷಯಕ್ಕೆ ಮೇಡಂ ಹತ್ತಿರವೂ ಕೇಳಿದೆ. ಕೇಳಬೇಕಾದವಳು ಮಾತ್ರ ಮೊದಲೇ "ಪರವಾಯಿಲ್ಲೆ" ಎಂದುಬಿಟ್ಟಿದ್ದಳಲ್ಲ, ಅದನ್ನೇ ರಸೀದಿ ಎಂದು ಜೇಬಿಗಿಳಿಸಿ ಸುಮ್ಮನಾದೆ. ಈಗಲೂ ನೋಡಿ, ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬಾರದು. ತಪ್ಪೊಪ್ಪಿಗೆಯಲ್ಲೂ ಚೌಕಾಸಿ.

ಸಂಜೆ ಅವಳು ಕಾಲೇಜಿನಿಂದ ಬರುತ್ತಾಳೆ. ಕೂರಿಸಿಕೊಂಡು ಇದನ್ನು ನಾನೇ ಓದಿ ಹೇಳಬೇಕು. ಎದ್ದು ಹೊರಡುವ ಹಾಗಿಲ್ಲ. ಮೊದಲು ಹೆಸರು ಹಿಡಿದು ಕರೆಯಬೇಕು.

ಸುಪ್ರೀತಾ.