ನಲವತ್ತು ಸೆಕೆಂಡಿನ ಬಂದರು

ಲಕ್ಷಿತನ ಮದುವೆಗೆ ಅಡ್ಡ ನಿಂತದ್ದು ಜಾತಕವಲ್ಲ, ಮಲ್ಪೆ ಬಂದರು. ನಿಜವಾದ ಬಂದರಲ್ಲ ಮತ್ತೆ! ಅವನು ಮಣಿಪಾಲದ ಆಫೀಸಿನಲ್ಲಿ ಕೂತು ಮಾಡುತ್ತಿದ್ದ ಮೀನುಗಾರಿಕೆಯ ಗೇಮಿನೊಳಗಿನದು. ಬೋಟು ಬಂದರು ಮುಟ್ಟುವಾಗಲೆಲ್ಲ ಗೇಮು ನಲವತ್ತು ಸೆಕೆಂಡು ಗರ ಬಡಿದಂತೆ ನಿಲ್ಲುತ್ತಿತ್ತು. ಅದನ್ನು ಸರಿ ಮಾಡುವ ಗಡಿಬಿಡಿಯಲ್ಲಿ ಕಾರ್ಕಳದ ಸೌಮ್ಯಶ್ರೀಯನ್ನು ನೋಡಲು ಹೋಗುವುದನ್ನು ಪಾಪ ಎರಡು ಸಲ ಮುಂದೆ ಹಾಕಿದ್ದ. ಮೂರನೆಯ ಸಲ ನಾಳೆ.

"ಸಂಜೆ ಸ್ಪಾನ್ಸರ್ ಉಮಾನಾಥಣ್ಣ ಬರ್ತಾರೆ. ಅವರು ನೋಡಿ ಒಪ್ಪಿದರೆ ನಾಳೆ ನಿನಗೆ ರಜೆ," ಎಂದರು ಆಫೀಸಿನ ಮಾಲೀಕ ಧನರಾಜ್.

ಬಂದರಿನ ನೀರು, ಬೋಟು, ಮೀನು ಎಲ್ಲ ಲೋಡ್ ಆಗುವ ತನಕ ಗೇಮು ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಲಕ್ಷಿತ್ ಆ ಹೊರೆಯನ್ನು ತೆಗೆದು ಹಿಂದಿನಿಂದ ದುಡಿಯುವ ಇನ್ನೊಂದು ಥ್ರೆಡ್ಡಿಗೆ ಹೊರಿಸಿದ. ಮುಂದೆ ಪಂಕ್ತಿಯ ಊಟ ನಡೆಯುವಾಗಲೇ ಹಿಂದೆ ಪಾಯಸ ಕುದಿಯುವ ಹಾಗೆ, ಆಟ ನಡೆಯುತ್ತಿರುವಾಗಲೇ ಬಂದರು ತಯಾರಾಗಬೇಕು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲು ಮರೆತ. ಮೀನು ಬಂತು, ಸಮುದ್ರ ಬರಲಿಲ್ಲ.

"ಎಂತ ಮಾರಾಯ ಇದು! ನಾನು ಒಂದು ವಾರ ಕೂತು ಬಿಡಿಸಿದ ಬಂಗುಡೆ ಗಾಳಿಯಲ್ಲಿ ಒಣಗ್ತಾ ಉಂಟು!" ಚಿತ್ರ ಬಿಡಿಸುವ ಹರ್ಷಿಣಿ ಪಕ್ಕದ ಮೇಜಿನಿಂದ ಕೂಗಿದಳು. ಆಫೀಸಿಗೆ ಆಫೀಸೇ ಅವನ ಬೆನ್ನ ಹಿಂದೆ ಬಂದು ನಿಂತಿತು.

"ಸಮುದ್ರವನ್ನು ಮೊದಲು ತರಿಸು," ಎಂದರು ಧನರಾಜ್. ತರಿಸಿದ. ಈಗ ಬೋಟು ತಡವಾಯಿತು. ಏಳು ಮಂದಿ ಮೀನುಗಾರರು ನೀರಿನ ಮೇಲೆ ಬರಿಗಾಲಲ್ಲಿ ನಿಂತು ಬಲೆ ಎಳೆಯತೊಡಗಿದರು.

"ಇವರು ಮೀನು ಹಿಡಿಯುವವರಾ, ತಪಸ್ಸು ಮಾಡುವವರಾ?" ಹರ್ಷಿಣಿ ಕೇಳಿದಳು.

ಊಟ ಬಿಟ್ಟು ಒದ್ದಾಡಿದ ಮೇಲೆ ಅಂತೂ ಸರಿಹೋಯಿತು. ಎಲ್ಲ ತಯಾರಾಗುವ ತನಕ ಬೋಟು ಬಂದರಿನ ಹೊರಗೆ ಅಳಿವೆಯಲ್ಲಿ ತೇಲುತ್ತಿರುವುದು, ಆಮೇಲೆಯೇ ಬಂದರು ಕಾಣುವುದು.

ನಾಲ್ಕಕ್ಕೆ ಉಮಾನಾಥಣ್ಣ ಬಂದರು. ಮಲ್ಪೆಯಲ್ಲಿ ಐಸ್ ಪ್ಲಾಂಟ್ ಇಟ್ಟವರು. ಗೇಮು ಒಂದು ಕ್ಷಣವೂ ನಿಲ್ಲಲಿಲ್ಲ, ಬೋಟು ಸಲೀಸಾಗಿ ಬಂದರು ಸೇರಿತು. ಹರ್ಷಿಣಿ ಚಪ್ಪಾಳೆ ತಟ್ಟಿದಳು. ಲಕ್ಷಿತನಿಗೆ ಕಾರ್ಕಳದ ಬಸ್ಸು ಹತ್ತಿದಷ್ಟೇ ಖುಷಿಯಾಯಿತು.

ಉಮಾನಾಥಣ್ಣನ ಮುಖ ಮಾತ್ರ ಬಾಡಿತು. "ನನ್ನ ಫೋಟೋ ಎಲ್ಲಿ?"

"ಯಾವ ಫೋಟೋ?" ಧನರಾಜ್ ತಬ್ಬಿಬ್ಬಾದರು.

"ಗೇಮು ನಿಂತಾಗ ಬರುತ್ತಿತ್ತಲ್ಲ, ನಾನು ಪ್ಲಾಂಟಿನ ಎದುರು ನಿಂತದ್ದು! ನಲವತ್ತು ಸೆಕೆಂಡು ಮಕ್ಕಳು ನನ್ನನ್ನು ಬಿಟ್ಟು ಬೇರೆ ಎಂತದೂ ನೋಡುವ ಹಾಗಿರಲಿಲ್ಲ. ಅದಕ್ಕೇ ಅಲ್ವಾ ನಾನು ಸ್ಪಾನ್ಸರ್ ಮಾಡಿದ್ದು?"

ಧನರಾಜ್ ಲಕ್ಷಿತನ ಕಡೆ ತಿರುಗಿದರು. "ಮೊದಲಿನ ಹಾಗೆ ನಿಲ್ಲಿಸು ಮಾರಾಯ."

ಇಡೀ ದಿನದ ಬೆವರಿನ ಮೇಲೆ ಲಕ್ಷಿತ್ ಒಂದೇ ಸಾಲು ಬರೆದ. ಗೇಮು ಯಾವ ಕಾರಣವೂ ಇಲ್ಲದೆ ನಲವತ್ತು ಸೆಕೆಂಡು ನಿಂತಿತು. ಪರದೆ ತುಂಬ ತನ್ನನ್ನೇ ನೋಡಿ ಉಮಾನಾಥಣ್ಣ ಹಿಗ್ಗಿಹೋದರು.

"ಒಳ್ಳೆ ಹುಡುಗ! ಇದನ್ನು ಒಂದು ನಿಮಿಷ ಮಾಡುವ. ನಾಳೆ ಬೆಳಿಗ್ಗೆ ಮನೆಯವರನ್ನೆಲ್ಲ ಕರ್ಕೊಂಡು ಬರ್ತೇನೆ, ಎಲ್ಲರ ಫೋಟೋ ಹಾಕುವ. ಈ ಹುಡುಗನೇ ಇರಬೇಕು ಆಯ್ತಾ?"

"ಇರ್ತಾನೆ, ಇರ್ತಾನೆ," ಎಂದರು ಧನರಾಜ್.

ಲಕ್ಷಿತ್ ಹೊರಗೆ ಹೋಗಿ ಕಾರ್ಕಳಕ್ಕೆ ಫೋನ್ ಮಾಡಿದ. ಸೌಮ್ಯಶ್ರೀ ಕತೆಯೆಲ್ಲ ಕೇಳಿ ಬಿದ್ದು ಬಿದ್ದು ನಕ್ಕಳು. ಅವನ ಜೀವ ಹಗುರಾಯಿತು.

"ನನಗೆ ನಗು ಬರ್ತದೆ. ಅಪ್ಪನಿಗೆ ಬರುವುದಿಲ್ಲ," ಎಂದಳು. "ನಾಳೆಯೂ ಬರುವುದಿಲ್ಲ ಅಂತ ಅವರಿಗೆ ನೀವೇ ಹೇಳಿ." ಫೋನು ಅಪ್ಪನ ಕೈಗೆ ಹೋಯಿತು.